ಮೈಸೂರಿಗೆ ಹೋಗದ ವಸುಮತಿ

ವಸುಮತಿ ಊಟ ಮಾಡುತ್ತಿದ್ದದ್ದು ನಿಂತುಕೊಂಡೇ. ಓದುತ್ತಿದ್ದದ್ದೂ ನಿಂತುಕೊಂಡೇ. ಅಡುಗೆಮನೆಯ ಫ್ರಿಜ್ಜಿನ ತಲೆಯ ಮೇಲೆ ಅನಾಟಮಿ ಪುಸ್ತಕ ಬಿಡಿಸಿಟ್ಟುಕೊಂಡು, ಅವಳಮ್ಮ ಶಾಂತಾ ಆಂಟಿಗೆ ಹಾಲು ಬೇಕಾದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು, ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಮತ್ತೆ ಮುಂದಕ್ಕೆ ಬರುತ್ತಿದ್ದಳು. ನಮ್ಮ ಮನೆಗೆ ಬಂದರೂ ಅದೇ ಕತೆ. ನನ್ನ ಅಮ್ಮ ತಟ್ಟೆ ಹಿಡಿದು, "ಕೂತ್ಕೊಳೇ ತಾಯಿ, ನಿನ್ನ ನೋಡಿದ್ರೆ ನನಗೆ ಕಾಲು ನೋಯತ್ತೆ" ಎಂದರೆ, ಅವಳು ನಗುತ್ತಾ, "ಆಂಟಿ, ಸರ್ಜನ್‌ಗೆ ಯಾರೂ ಕುರ್ಚಿ ಹಾಕಲ್ಲ. ಕಾಲಿಗೆ ಈಗ್ಲೇ ಬುದ್ಧಿ ಕಲಿಸ್ತಾ ಇದೀನಿ" ಅನ್ನುತ್ತಿದ್ದಳು.

ನೈರೋಬಿಯ ಹೈರಿಡ್ಜ್ ಬಡಾವಣೆಯಲ್ಲಿ ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಅವರದು ಮೇಲಿನ ಮನೆ, ನಮ್ಮದು ಅದರ ಕೆಳಗಿನದು. ನನ್ನ ಅಪ್ಪ ಗಣಿತದ ಮೇಷ್ಟ್ರು. ಅವಳ ಅಪ್ಪ ಡಾಕ್ಟರ್ ರಂಗನಾಥ್ ಮೈಸೂರಿನಿಂದ ಬಂದು ಸ್ವಂತ ಕ್ಲಿನಿಕ್ ನಡೆಸುತ್ತಿದ್ದವರು. ನಾವಿಬ್ಬರೂ ಮೆಡಿಕಲ್ ಕಾಲೇಜಿನಲ್ಲಿ ಒಂದೇ ತರಗತಿ. ನನಗೆ ಮುಂದೆ ಏನು ಮಾಡಬೇಕೆಂಬುದೇ ತಿಳಿಯದಿದ್ದಾಗ ಅವಳಿಗೆ ಎಲ್ಲವೂ ತಿಳಿದಿತ್ತು. ಶಸ್ತ್ರಚಿಕಿತ್ಸೆ. ಎಂಬತ್ತರ ದಶಕದಲ್ಲಿ ಆ ವಿಭಾಗದ ಸೀಟುಗಳು ಬೆರಳೆಣಿಕೆಯಷ್ಟು, ದೇಶದ ಮೂಲೆಮೂಲೆಯ ಡಾಕ್ಟರುಗಳೆಲ್ಲ ಅದಕ್ಕೇ ಮುಗಿಬೀಳುವವರು. ಹುಡುಗಿಯರು ಅರ್ಜಿ ಹಾಕಿದರೆ ದೊಡ್ಡವರು ಪ್ರೀತಿಯಿಂದಲೇ ಹೆರಿಗೆ ವಿಭಾಗದ ಕಡೆ ಕೈ ತೋರಿಸುತ್ತಿದ್ದರು. ಅವಳಿಗೆ ಹಾಗೆ ಕೈ ತೋರಿಸುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ನಾಲ್ಕನೇ ವರ್ಷ ಅವಳಿಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಜ್ವರ. ವಾರ್ಡಿನಿಂದಲೇ ಬಂದದ್ದು, ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ ಟಿ.ಬಿ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಮೊದಲು ನೋಡಿದವರು ಅವಳ ಅಪ್ಪನೇ.

ರಂಗನಾಥ್ ಅಂಕಲ್ ತಮ್ಮ ಕ್ಲಿನಿಕ್ಕಿಗೆ ಬರುವ ಟಿ.ಬಿ. ರೋಗಿಗಳನ್ನು ಸ್ವಾಹಿಲಿಯಲ್ಲೂ ಇಂಗ್ಲಿಷಿನಲ್ಲೂ ಗದರಿಸುತ್ತಿದ್ದವರು. ಇದೇನು ಕಳ್ಳತನವೇ ಮುಚ್ಚಿಡುವುದಕ್ಕೆ, ಮನೆಯವರಿಗೆಲ್ಲ ಹೇಳಿ, ಎಲ್ಲರನ್ನೂ ಕರೆತನ್ನಿ ಎಂದು. ಆದರೆ ಆ ತಿಂಗಳು ಅವರ ಕಿರಿಯ ಮಗಳು ಮಾಲತಿಗೆ ಸಂಬಂಧ ಕುದುರುತ್ತಿತ್ತು. ಗಿಗಿರಿಯ ವಿಶ್ವಸಂಸ್ಥೆ ಕಚೇರಿಯಲ್ಲಿ ದೊಡ್ಡ ನೌಕರಿಯಲ್ಲಿದ್ದ ಕನ್ನಡದವರ ಮನೆಯ ಹುಡುಗ. ಮನೆಯಲ್ಲಿ ಕ್ಷಯವಿದೆ ಎಂದು ಗೊತ್ತಾದರೆ ಆ ಸಂಬಂಧ ಅಲ್ಲಿಗೇ ನಿಲ್ಲುತ್ತದೆಂದು ಅಂಕಲ್ ತೀರ್ಮಾನಿಸಿಬಿಟ್ಟರು. ಕಾಲೇಜಿನ ರಜೆ ಅರ್ಜಿಯಲ್ಲಿ ಕುಟುಂಬದ ಕಾರಣ ಎಂದು ಬರೆದರು. ನಮ್ಮ ಕನ್ನಡ ಬಳಗಕ್ಕೆ, ವಸು ಮೈಸೂರಿಗೆ ಹೋಗಿದ್ದಾಳೆ, ಸೋದರಮಾವನ ಆಸ್ಪತ್ರೆಯಲ್ಲಿ ಒಂದು ವರ್ಷ ಕೆಲಸ ಕಲಿಯುತ್ತಾಳೆ ಎಂದು ಹೇಳಿದರು.

ಅವಳು ಮೈಸೂರಿಗೂ ಹೋಗಲಿಲ್ಲ, ಎಲ್ಲಿಗೂ ಹೋಗಲಿಲ್ಲ. ನಮ್ಮ ತಲೆಯ ಮೇಲಿನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಕೆಮ್ಮು ನಮ್ಮ ಮನೆಗೆ ಕೇಳುತ್ತಿದ್ದುದರಿಂದ ನಮಗೆ ಮಾತ್ರ ನಿಜ ಹೇಳಬೇಕಾಯಿತು. ಕಿಟಕಿಗೆ ಪರದೆ, ವರಾಂಡಕ್ಕೆ ಬರುವಂತಿಲ್ಲ, ಫೋನ್ ಎತ್ತುವಂತಿಲ್ಲ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವ ಮೊದಲು ಅಪ್ಪನೇ ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದರು. ಅವಳು ಆ ಕೋಣೆಗೆ ಮೈಸೂರು ಎಂದೇ ಹೆಸರಿಟ್ಟಳು. ನಾನು ಬಾಗಿಲು ತಟ್ಟಿದರೆ, "ಬಾರೇ, ಬಾ. ಮೈಸೂರಲ್ಲಿ ಇವತ್ತು ಒಳ್ಳೆ ಬಿಸಿಲು" ಎನ್ನುವಳು. ಮೊದಲ ತಿಂಗಳುಗಳಲ್ಲಿ ನಿಲ್ಲಲೂ ಆಗುತ್ತಿರಲಿಲ್ಲ. ನಾನು ಕಾಲೇಜಿನ ಪಾಠ ಒಪ್ಪಿಸುತ್ತಿದ್ದೆ, ಅವಳು ಮಲಗಿಕೊಂಡೇ ನನ್ನ ತಪ್ಪು ತಿದ್ದುತ್ತಿದ್ದಳು. ಎಷ್ಟೋ ಸಲ ಪಾಠ ಕೇಳಿದವಳಿಗಿಂತ ಕೇಳದವಳಿಗೇ ಹೆಚ್ಚು ತಿಳಿದಿರುತ್ತಿತ್ತು.

ಮಾಲತಿಯ ನಿಶ್ಚಿತಾರ್ಥ ಅದೇ ಮನೆಯ ಹಜಾರದಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಮಾತ್ರೆ ಶುರುವಾಗಿ ವಾರಗಳು ಕಳೆದಿದ್ದವು. ಅಂಟುವ ಭಯವಿರಲಿಲ್ಲ, ಕೆಮ್ಮು ಮಾತ್ರ ಉಳಿದಿತ್ತು. ಶಾಂತಾ ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, "ನೀನು ಒಳಗೆ ವಸು ಜೊತೆ ಇರಮ್ಮ. ಅವಳು ಕೆಮ್ಮಿದ್ರೆ ನಾನೇ ಕೆಮ್ಮಿದ್ದು ಅಂದ್ಬಿಡು" ಎಂದರು. ಹಾಗೇ ಆಯಿತು. ದಿಂಬಿಗೆ ಮುಖ ಒತ್ತಿಕೊಂಡರೂ ತಡೆಯಲಾಗದೆ ಒಮ್ಮೆ ಜೋರಾಗಿ ಕೆಮ್ಮಿಬಿಟ್ಟಳು. ಹೊರಗಿನಿಂದ ಹುಡುಗನ ತಾಯಿ, "ಯಾರದು ಕೆಮ್ಮಿದ್ದು?" ಎಂದರು. ನಾನು ಎದ್ದು ಹೋಗಿ, ಶೀತ ಆಗಿದೆ ಆಂಟಿ ಎಂದು ನಿಂತೆ. ಆ ಒಳ್ಳೆಯ ಹೆಂಗಸು ಅಡುಗೆಮನೆಗೆ ನುಗ್ಗಿ, ಶುಂಠಿ ಜಜ್ಜಿ ಕಷಾಯ ಮಾಡಿ, ಎಲ್ಲರೆದುರಿಗೆ ನನಗೆ ಕುಡಿಸಿದರು. ನಾನು ಒಳಗೆ ಬಂದಾಗ ವಸು ನಕ್ಕೂ ನಕ್ಕೂ ಕಣ್ಣೀರು ಸುರಿಸುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು, ಮೆಲ್ಲಗೆ, "ಮಾಲಿ ಸೀರೆ ಯಾವ ಬಣ್ಣ ಕಣೇ?" ಎಂದು ಕೇಳಿದಳು. ತಂಗಿಯ ಮದುವೆಗೂ ಅವಳಿಗೆ ಮೈಸೂರಿನಿಂದ ರಜೆ ಸಿಗಲಿಲ್ಲ.

ವರ್ಷ ಕಳೆದು ಅವಳು ಬಂದಳು ಎಂದಾಗ ಇನ್ನೊಂದು ಫಜೀತಿ. ಊರಿಂದ ಬಂದವರು ಬರಿಗೈಯಲ್ಲಿ ಬರುವುದುಂಟೇ? ಬಳಗದ ಅರ್ಧ ಜನ ಮೊದಲೇ ಹೇಳಿಟ್ಟಿದ್ದರು, ವಸು ಬರುವಾಗ ಊದಿನಕಡ್ಡಿ ತರಲಿ, ಹಪ್ಪಳ ತರಲಿ ಎಂದು. ಶಾಂತಾ ಆಂಟಿ ಪಾರ್ಕ್‌ಲ್ಯಾಂಡ್ಸಿನ ಗುಜರಾತಿ ಅಂಗಡಿಯಲ್ಲಿ ಇದ್ದಬದ್ದ ಮೈಸೂರು ಊದಿನಕಡ್ಡಿಯನ್ನೆಲ್ಲ ಕೊಂಡು, ಬೆಲೆಯ ಚೀಟಿ ಕಿತ್ತು, ಮನೆಮನೆಗೆ ಹಂಚಿದರು. ಒಬ್ಬ ಆಂಟಿ ಮೂಸಿ ನೋಡಿ, "ಅಲ್ಲಿಂದ ತಂದಿದ್ದೇ ಬೇರೆ ಬಿಡಿ, ಇಲ್ಲಿ ಸಿಗೋದಕ್ಕೆ ಈ ವಾಸನೆ ಎಲ್ಲಿದೆ" ಅಂದರು. ಗುಣವಾಗಿ ಮೈ ತುಂಬಿಕೊಂಡಿದ್ದ ವಸುವನ್ನು ನೋಡಿದವರೆಲ್ಲ ಮೈಸೂರಿನ ನೀರನ್ನು ಹೊಗಳಿದರು. ವಸು ನಿಂತುಕೊಂಡು ಎಲ್ಲರಿಗೂ ಹೂಂ ಹೂಂ ಎಂದು ತಲೆಯಾಡಿಸಿದಳು. ಬಾಯಿ ಬಿಟ್ಟು ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಒಂದು ವರ್ಷ ಹಿಂದೆ ಬಿದ್ದರೂ ಓದು ಮುಗಿಸಿದಳು. ದೂರದ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಅಲ್ಲಿ ಕತ್ತರಿ ಹಿಡಿಯಲು ಯಾರೂ ಇಲ್ಲದಾಗ ತಾನೇ ಹಿಡಿದು, ಶಸ್ತ್ರಚಿಕಿತ್ಸೆಯ ಸೀಟಿಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆ ಬಂತು. ಆ ದಿನ ನಾನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಒಳಗೆ ನಡೆದದ್ದನ್ನೆಲ್ಲ ಅವಳು ವಾಪಸು ಬರುವಾಗ, ಜನ ತುಂಬಿದ ಮಟಾಟು ವ್ಯಾನಿನಲ್ಲಿ, ಕನ್ನಡ ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲಿ ಜೋರಾಗಿ ಹೇಳಿದಳು.

ಸಮಿತಿಯ ಅಧ್ಯಕ್ಷರು ಕೀನ್ಯಾದ ಹಿರಿಯ ಸರ್ಜನ್, ಬಿಗಿ ಮನುಷ್ಯ. ಅಂಕಪಟ್ಟಿ ನೋಡುತ್ತಾ, ಈ ಒಂದು ವರ್ಷ ಎಲ್ಲಿ ಹೋಯಿತು ಎಂದರಂತೆ. ಅವಳು ಬಾಯಿ ತೆರೆಯುವ ಮೊದಲೇ ಸಮಿತಿಯಲ್ಲಿದ್ದ ನಮ್ಮ ಶೇಷಾದ್ರಿ ಅಂಕಲ್ ಅಡ್ಡ ಬಂದರು. ಅವರೂ ಸರ್ಜನ್, ನಮ್ಮ ಬಳಗದವರೇ, ಅವಳನ್ನು ಸಣ್ಣವಳಿಂದ ಬಲ್ಲವರು. ಅವಳಿಗೆ ಸಹಾಯ ಮಾಡಬೇಕೆಂದೇ ಅವರ ಮನಸ್ಸಿನಲ್ಲಿದ್ದದ್ದು. ಆ ವರ್ಷ ವ್ಯರ್ಥವಾಗಿಲ್ಲ, ಇವಳು ಇಂಡಿಯಾದಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಕಲಿತಳು, ಹೇಳಮ್ಮ ಅಲ್ಲಿ ಏನೇನು ಆಪರೇಷನ್ ನೋಡಿದೆ, ಎಂದು ನಗುಮುಖದಿಂದ ಕೇಳಿದರು.

"ಹೂಂ ಅಂದಿದ್ರೆ ಮುಗೀತಿತ್ತು ಕಣೇ" ಎಂದಳು ವಸು. "ಮಾವನ ಆಸ್ಪತ್ರೆ ಕತೆ ಎಲ್ಲಾ ನನಗೆ ಬಾಯಿಪಾಠ. ಆದ್ರೆ ನನಗೆ ನೋಡಿದೀನಿ ಅನ್ನಕ್ಕೆ ಆಗ್ಲಿಲ್ಲ. ನಾಳೆ ಟೇಬಲ್ ಮುಂದೆ ನಿಂತು, ಕಂಡಿಲ್ದೇ ಇರೋದನ್ನ ಕಂಡೆ ಅಂತ ಹೇಳೋ ಅಭ್ಯಾಸ ಆಗ್ಬಿಟ್ರೆ? ಸರ್, ನಾನು ಇಂಡಿಯಾಗೆ ಹೋಗೇ ಇಲ್ಲ. ಮನೇಲಿದ್ದೆ. ನನಗೆ ಟಿ.ಬಿ. ಆಗಿತ್ತು ಅಂದೆ."

"ಶೇಷಾದ್ರಿ ಅಂಕಲ್?"

"ಪಾಪ, ಅವರು ನನ್ನ ಮುಖ ನೋಡ್ಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ್ರು, ತೆಗೆದ್ರು, ಹಾಕಿದ್ರು."

ಅಧ್ಯಕ್ಷರು ಮಾತ್ರ ಯಾವ ಕಡೆಯ ಶ್ವಾಸಕೋಶ ಎಂದು ಕೇಳಿದರಂತೆ. ಈಗ ಎಷ್ಟು ಹೊತ್ತು ನಿಲ್ಲಬಲ್ಲೆ ಎಂದರಂತೆ. ನೀವು ಹೇಳುವಷ್ಟು ಹೊತ್ತು ಎಂದಳಂತೆ ಇವಳು.

ಸೀಟು ಸಿಕ್ಕಿತು. ಸುದ್ದಿ ಬಂದ ಸಂಜೆ ಶೇಷಾದ್ರಿ ಅಂಕಲ್ ಸ್ವೀಟಿನ ಡಬ್ಬ ಹಿಡಿದು ಬಂದರು. ಅದನ್ನು ವಸು ಕೈಗೆ ಕೊಟ್ಟು, ತಲೆ ಸವರಿ, ರಂಗನಾಥ್ ಅಂಕಲ್ ಕಡೆ ತಿರುಗಿದರು. "ನನಗಾದ್ರೂ ಹೇಳಬಾರದಿತ್ತಾ ರಂಗಣ್ಣ? ಇಬ್ಬರೂ ಡಾಕ್ಟ್ರುಗಳು ಕಣಯ್ಯ ನಾವು. ಆ ಊದಿನಕಡ್ಡೀನ ಊರಿಂದ ಬಂದಿದ್ದು ಅಂತ ದೇವರ ಮುಂದೆ ಹಚ್ಚಿದೀನಿ ನಾನು." ರಂಗನಾಥ್ ಅಂಕಲ್ ತನ್ನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರನನ್ನಾಗಿ ಮಾಡಿದಳೆಂದು ಮಗಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟರು. ಮಾಲತಿಯ ಅತ್ತೆಗೂ ವಿಷಯ ತಿಳಿಯಿತು. ಅವರು ಮಾಡಿದ್ದಿಷ್ಟೇ, ಕಷಾಯವನ್ನು ಸರಿಯಾದವರಿಗೆ ಕುಡಿಸಲಿಲ್ಲವಲ್ಲ ಎಂದು ಪೇಚಾಡಿಕೊಂಡರು. ಇಷ್ಟಕ್ಕಾಗಿ ಆ ಹುಡುಗಿ ಒಂದು ವರ್ಷ ಬಿಸಿಲು ಕಾಣದೆ ಇದ್ದಳು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಮೇಲಿನ ಎರಡು ವರ್ಷ ಅವಳಷ್ಟು ಸಂತೋಷವಾಗಿದ್ದವರನ್ನು ನಾನು ಕಂಡಿಲ್ಲ. ಆಪರೇಷನ್ ಮುಗಿಸಿ ಬಂದರೆ ನೇರ ನಮ್ಮ ಅಡುಗೆಮನೆಗೆ ಬಂದು, ನಿಂತು, ಅಮ್ಮ ಹಾಕಿದ ಚಪಾತಿಗಳನ್ನು ಎಣಿಸದೆ ತಿಂದು, ಯಾರದೋ ಕರುಳಿನ ವರ್ಣನೆ ಮಾಡಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದಳು.

ಮೂರನೇ ವರ್ಷ ಕೆಮ್ಮು ಮತ್ತೆ ಬಂತು. ಮೊದಲ ಸಲ ಅವಳನ್ನು ಎದೆರೋಗದ ಆಸ್ಪತ್ರೆಗೆ ಕರೆದೊಯ್ದು ಆಗಾಗ ಎಕ್ಸ್‌ರೇ ತೆಗೆಸಬೇಕಿತ್ತು. ಹಗಲಲ್ಲಿ ಯಾರಾದರೂ ನೋಡುತ್ತಾರೆಂದು ಅಪ್ಪ ತಾವೇ ಅಂದಾಜಿನ ಮೇಲೆ ಔಷಧಿ ಕೊಟ್ಟು, ಜ್ವರ ಬಿಟ್ಟು ತೂಕ ಬಂದ ಮೇಲೆ ನಿಲ್ಲಿಸಿದ್ದರು. ಅದಕ್ಕೇ ರೋಗ ಉಳಿಯಿತೆಂದು ಡಾಕ್ಟರಾಗಿ ನಾನು ಆಣೆ ಮಾಡಿ ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ರಂಗನಾಥ್ ಅಂಕಲ್‌ಗೂ ಇದು ಗೊತ್ತಿತ್ತು. ಹೊಸ ಎಕ್ಸ್‌ರೇ ನೋಡಿ ಬಂದ ದಿನ ಅವರು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು, ಮೇಲೆ ಹತ್ತಲಾಗದೆ.

ಮತ್ತೆ ದೀರ್ಘ ರಜೆ. ಅವಳ ಜಾಗವನ್ನು ಯಾರಿಗೂ ಕೊಡುವುದಿಲ್ಲವೆಂದು ಅಧ್ಯಕ್ಷರು ಹೇಳಿ ಕಳಿಸಿದರು. ಈ ಸಲ ವಸು ರಜೆ ಕಳೆದದ್ದು ವರಾಂಡದಲ್ಲಿ, ರಸ್ತೆಗೆ ಮುಖಮಾಡಿ. ಬಳಗದವರ ಕಾರು ಬಂದು ನಿಂತರೆ ಮೇಲಿನಿಂದಲೇ ಕೂಗುತ್ತಿದ್ದಳು. "ನನಗೆ ಟಿ.ಬಿ. ಆಂಟೀ! ಮೇಲೆ ಬರಬೇಡಿ, ಅಲ್ಲಿಂದ್ಲೇ ಮಾತಾಡಿ!" ಹೀಗೆ ಹೈರಿಡ್ಜಿಗೆಲ್ಲ ಕೇಳುವಂತೆ ಕೂಗುವುದರಲ್ಲಿ ಅವಳಿಗೆ ಖುಷಿಯಿತ್ತು. ದಿನ ಕಳೆದಂತೆ ಕೂಗು ಸಣ್ಣದಾಯಿತು. ಯಾವ ಔಷಧಿಯೂ ಈ ಸಲ ನಾಟಲಿಲ್ಲ.

ನಾನು ಕೊನೆಯ ಸಲ ನೋಡಿದಾಗ ಅವಳಿಗೆ ಒಂದು ವಾಕ್ಯ ಮುಗಿಸಲು ಎರಡು ಉಸಿರು ಬೇಕಾಗುತ್ತಿತ್ತು. "ನನ್ನ ಸೀಟು ಬಿಟ್ಕೊಡಿ ಅಂತ ಹೇಳಿದೀನಿ" ಎಂದಳು. "ಹೊರಗೆ ಯಾರೋ ಕಾಯ್ತಾ ಇರ್ತಾರೆ. ಸುಮ್ನೆ ಖಾಲಿ ಇಡಬಾರದು." ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಅವಳು ತಾನಾಗಿಯೇ ಬಿಟ್ಟುಕೊಟ್ಟಳೆಂದರೆ, ಅವಳಿಗೆ ಎಲ್ಲವೂ ಗೊತ್ತಾಗಿತ್ತು. ನಾನು ಅವಳ ಮುಂದೆಯೇ ಅತ್ತೆ. "ಸಾಕು ಕಣೇ" ಎಂದು ಬೈದಳು.

ಅವಳು ಹೋದ ಮರುದಿನ ಮನೆ ತುಂಬ ಜನ. ಬಳಗದ ಹಿರಿಯರೊಬ್ಬರು ರಂಗನಾಥ್ ಅಂಕಲ್ ಪಕ್ಕ ಕೂತು, ಅವರ ಭುಜದ ಮೇಲೆ ಕೈಯಿಟ್ಟು, ಮರ್ಯಾದೆಯಿಂದಲೇ, "ಎಲ್ಲರಿಗೂ ತಿಳಿಸಬೇಕಲ್ಲ ಡಾಕ್ಟ್ರೇ. ನ್ಯುಮೋನಿಯಾ ಅಂತ ಹೇಳೋಣವಾ?" ಎಂದರು.

ಅಂಕಲ್ ತಲೆ ಎತ್ತಿದರು. "ಬೇಡ. ಟಿ.ಬಿ. ಅಂತ ಹೇಳಿ." ಆಮೇಲೆ ಹಿಂದಿನ ಕೋಣೆಯ ಬಾಗಿಲ ಕಡೆ ನೋಡುತ್ತಾ, ಯಾರನ್ನೂ ಉದ್ದೇಶಿಸದೆ ಹೇಳಿದರು. "ಒಂದು ವರ್ಷ ಈ ಮನೇಲೇ ಇದ್ಲು. ಕೇಳಿದವರಿಗೆಲ್ಲ ಇಲ್ಲ, ಇಲ್ಲ ಅಂತಿದ್ದೆ ನಾನು. ಆಗ ಇದ್ಲು."