ಸೋದರಮಾವನ ರಸೀದಿ

ಕಿರ್ಗಿಜ್ ನಾಡಿನ ನಮ್ಮ ನಾರಿನ್ ಪೇಟೆಯಲ್ಲಿ ನೆಂಟರ ಅಂಗಡಿಗೆ ಹೋಗಿ ರಸೀದಿ ಕೇಳುವುದೂ ಒಂದೇ, ಅವರ ಮುಖಕ್ಕೆ ಉಗಿಯುವುದೂ ಒಂದೇ. ಈ ಮರ್ಯಾದೆಯನ್ನು ಕಂಡುಹಿಡಿದವರು ಅಂಗಡಿ ಇಟ್ಟವರೇ ಇರಬೇಕು.

ಸಲ್ಕಿನ್ ನನ್ನ ಪಕ್ಕದ ಮನೆಯವಳು. ವರ್ಷಗಟ್ಟಲೆ ಇಬ್ಬರೂ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ಶಾಲೆಯವರು ಅವಳ ಹುದ್ದೆಯನ್ನೇ ತೆಗೆದುಹಾಕಿದ ಮೇಲೆ, ಮಾಸ್ಕೋದಲ್ಲಿ ದುಡಿಯುವ ನಮ್ಮವರ ಮಕ್ಕಳಿಗೆ ಅವಳು ಸಂಜೆ ಹೊತ್ತು ಲ್ಯಾಪ್‌ಟಾಪಿನಲ್ಲಿ ಕಿರ್ಗಿಜ್ ಓದುಬರಹ ಕಲಿಸತೊಡಗಿದಳು. ಅವಳದೂ ಅವಳ ತಾಯಿ ಬುರುಲ್‌ಳದೂ ಹೊಟ್ಟೆ ತುಂಬಬೇಕಾದದ್ದು ಅದರಿಂದಲೇ.

ಲ್ಯಾಪ್‌ಟಾಪ್ ಕೊಂಡದ್ದು ಬಜಾರಿನಲ್ಲಿ ಅಂಗಡಿ ಇಟ್ಟಿರುವ ಸೋದರಮಾವ ಜುಮಾಶನಿಂದ. ರಸೀದಿ ಕೇಳಲು ಬಾಯಿ ತೆರೆದ ಮಗಳನ್ನು ಬುರುಲ್ ಅಲ್ಲೇ ಚಿವುಟಿದಳು.

"ನನ್ನ ತಮ್ಮನ ಹತ್ರ ಚೀಟಿ ಕೇಳ್ತೀಯೇನೇ? ನಾಚಿಕೆ ಆಗಲ್ವಾ?"

ತಿಂಗಳು ತುಂಬುವ ಮೊದಲೇ ಪಾಠದ ನಡುವೆ ಪರದೆ ಕಪ್ಪಾಯಿತು. ಮಾಸ್ಕೋದಲ್ಲಿ ಮಕ್ಕಳು "ಟೀಚರ್, ಕಾಣ್ತಿಲ್ಲ, ಕಾಣ್ತಿಲ್ಲ" ಎಂದು ಕೂಗುವುದು ನನ್ನ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಮಾವ "ಇಟ್ಟು ಹೋಗಮ್ಮ, ನೋಡ್ಸೋಣ" ಅಂದ. ಒರೆಸಿ ಕೊಟ್ಟ. ಮತ್ತೆ ಕಪ್ಪಾಯಿತು. ಮತ್ತೆ ಇಟ್ಟುಕೊಂಡ, ಮತ್ತೆ ಒರೆಸಿ ಕೊಟ್ಟ. ಪ್ರತಿ ಸಲವೂ ಜೊತೆಗೆ ಒಂದು ಪೊಟ್ಟಣ ಒಣದ್ರಾಕ್ಷಿ. ಮೂಗಿಗೆ ತುಪ್ಪ ಸವರುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಕೊನೆಗೆ ಅವಳೇ ಬಸ್ಸು ಹತ್ತಿ, ಹಿಮ ಕವಿದ ಕಣಿವೆದಾರಿ ದಾಟಿ, ರಾಜಧಾನಿ ಬಿಷ್ಕೆಕ್‌ನ ಸರ್ವೀಸ್ ಸೆಂಟರಿಗೆ ಹೋದಳು. ಅಲ್ಲಿಯ ಹುಡುಗಿ ಬಿಚ್ಚಿ ನೋಡಿ, "ತಪ್ಪು ಕಂಪನಿಯದೇ ಅಕ್ಕ. ಎರಡು ವರ್ಷ ಗ್ಯಾರಂಟಿ ಇದೆ, ಪುಕ್ಕಟೆ ಸರಿ ಮಾಡ್ಕೊಡ್ತೀವಿ. ಯಾವತ್ತು ಕೊಂಡ್ರಿ ಅನ್ನೋ ರಸೀದಿ ಕೊಡಿ" ಅಂದಳು. ಸಲ್ಕಿನ್ ಬರಿಗೈಯಲ್ಲಿ ವಾಪಸ್ಸು ಬಂದಳು.

ಈಗ ಮಾವನನ್ನು ರಸೀದಿ ಕೇಳಿದರೆ ಅವನು ಉರಿದುಬಿದ್ದ. "ನಾನೇನು ಕಳ್ಳನಾ? ಚೀಟಿ ಬರೆಸ್ಕೊಂಡು ಯಾರಿಗೆ ತೋರಿಸ್ತೀಯಾ?" ಬರೆದರೆ ಮಾರಿದ್ದು ತೆರಿಗೆಯವರ ಕಣ್ಣಿಗೆ ಬೀಳುತ್ತದೆ, ಅಷ್ಟೇ ಸಂಗತಿ. ಬಜಾರಿಗೆಲ್ಲ ಗೊತ್ತಿರುವ ಈ ಗುಟ್ಟನ್ನು ಅವನು ಮಾನ ಮರ್ಯಾದೆ ಎಂಬ ಕಂಬಳಿಯಲ್ಲಿ ಸುತ್ತಿಟ್ಟಿದ್ದ.

ಇಷ್ಟರಲ್ಲಿ ಅರ್ಧ ಮಕ್ಕಳು ಬೇರೆ ಟೀಚರ್ ಹುಡುಕಿಕೊಂಡರು. ಸಲ್ಕಿನ್ ಗ್ರಾಹಕರ ದೂರು ಕೇಳುವ ಕಚೇರಿಗೆ ಹೋದಳು. ನಾನೂ ಜೊತೆಗಿದ್ದೆ. ಅಲ್ಲಿದ್ದ ಅಧಿಕಾರಿ, "ಕಾನೂನು ನಿಮ್ಮ ಕಡೆಗೇ ಇದೆ ಅಕ್ಕ. ಸರಿ ಮಾಡ್ಕೊಡ್ಬೇಕು, ಇಲ್ಲಾ ಬದಲಾಯಿಸ್ಬೇಕು" ಎಂದು ಚೆನ್ನಾಗಿಯೇ ಶುರುಮಾಡಿದ. ಮಾರಿದವನ ಹೆಸರು ಕೇಳಿದ್ದೇ ಪೆನ್ನು ಕೆಳಗಿಟ್ಟ. "ಸೋದರಮಾವನಾ? ಅಯ್ಯೋ, ಮನೇಲಿ ಕೂತು ಚಹಾ ಕುಡ್ದು ಮಾತಾಡ್ಕೊಳ್ಳಿ."

"ಕುಡ್ದು ಕುಡ್ದು ಸಾಕಾಗಿದೆ. ನೀವು ಬರ್ಕೊಳ್ಳಿ," ಅಂದಳು ಸಲ್ಕಿನ್. ಅವನು ನಿಟ್ಟುಸಿರು ಬಿಟ್ಟು ಬರೆದುಕೊಂಡ.

ಆ ವಾರವೇ ಜುಮಾಶ್ ಒಂದು ಕುರಿ ಕೊಯ್ಯಿಸಿ, ಊರ ಹಿರಿಯ ಬೆಳ್ಳಿಗಡ್ಡದ ಶರ್ಶೆನ್ ಅಜ್ಜನನ್ನು ಮುಂದಿಟ್ಟುಕೊಂಡು ಅಕ್ಕನ ಮನೆಗೆ ಬಂದ. ಮುನಿಸು ಮರೆಸುವ ಮರ್ಯಾದೆಯೆಂದು ಸಲ್ಕಿನ್‌ಳ ಹೆಗಲಿಗೆ ಮಖಮಲ್ಲಿನ ನಿಲುವಂಗಿ ಹೊದಿಸಿದರು. ಮಾಂಸ ಬೆಂದಿತು. ಚಹಾ ಬಡಿಸಲು ನಾನು ನಿಂತೆ. ಎಲ್ಲರೂ ಎಲ್ಲವನ್ನೂ ಮಾತಾಡಿದರು, ಲ್ಯಾಪ್‌ಟಾಪ್ ಒಂದನ್ನು ಬಿಟ್ಟು.

"ಹಿಂದಿನವರು ಸುಮ್ನೆ ಹೇಳಿದ್ರಾ?" ಎಂದು ಜುಮಾಶ್ ನಕ್ಕ. "ಅಕ್ಕನ ಮಕ್ಕಳು ಬರೋದಕ್ಕಿಂತ ಏಳು ತೋಳ ಬರೋದೇ ವಾಸಿ ಅಂತ!" ಅಕ್ಕನ ಮಕ್ಕಳು ಮಾವನ ಮನೆಯಿಂದ ಬೇಕಾದ್ದನ್ನು ಕೇಳದೆಯೇ ಎತ್ತಿಕೊಂಡು ಹೋಗಬಹುದೆಂಬುದು ನಮ್ಮಲ್ಲಿ ಹಳೆಯ ಪದ್ಧತಿ.

"ತೋಳ ಪುಕ್ಕಟೆ ಒಯ್ಯುತ್ತೆ ಮಾವ. ನಾನು ದುಡ್ಡು ಕೊಟ್ಟಿದ್ದೀನಿ."

ಶರ್ಶೆನ್ ಅಜ್ಜ ಗಂಟಲು ಸರಿಪಡಿಸಿಕೊಂಡು, "ಆಯ್ತು ಮಗಳೇ, ರಕ್ತ ನೀರಾಗಲ್ಲ. ನಾಳೆ ಹೋಗಿ ಆ ದೂರು ವಾಪಸ್ ತಗೋ. ಬನ್ನಿ, ಹರಸಿಬಿಡ್ತೀನಿ" ಎಂದು ಬೊಗಸೆಯೊಡ್ಡಿದ. ಹಿರಿಯರು ಹರಸದೆ ಊಟ ಮುಗಿಯುವುದಿಲ್ಲ, ಯಾರೂ ಏಳುವಂತಿಲ್ಲ. ಹರಸಿ ಎಲ್ಲರೂ ಮುಖ ಸವರಿಕೊಂಡರೆ ಮಾತೂ ಮುಗಿದಂತೆಯೇ. ಆಮೇಲೆ ತಕರಾರು ತೆಗೆದವರು ಊರಿಗೇ ಕೆಟ್ಟವರು. ಸುತ್ತ ಕೂತವರ ಅಂಗೈಗಳೆಲ್ಲ ತೆರೆದುಕೊಂಡವು. ನನ್ನವೂ. ಅಭ್ಯಾಸ, ಏನು ಮಾಡುವುದು.

ಸಲ್ಕಿನ್ ಕೈಯೆತ್ತಲಿಲ್ಲ. ನಿಲುವಂಗಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ಕೂತಿದ್ದಳು.

"ಕೈ ಎತ್ತಮ್ಮ," ಅಂದ ಅಜ್ಜ.

"ರಸೀದಿ ಕೊಡಲಿ ಅಜ್ಜ."

"ನೋಡಿದ್ರಾ ಇವಳ ಸೊಕ್ಕು!" ಜುಮಾಶ್ ಅಕ್ಕನತ್ತ ತಿರುಗಿದ. "ಅಕ್ಕಾ, ನಿನ್ನ ಮಗಳಿಗೆ ಬುದ್ಧಿ ಹೇಳು."

ಬುರುಲ್ ಅಷ್ಟು ಹೊತ್ತೂ ಅಂಗೈ ತೆರೆದೇ ಕೂತಿದ್ದಳು. ತಂದೆತಾಯಿ ಹೋದ ಮೇಲೆ ಈ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳೇ. ಮಗಳನ್ನು ನೋಡಿದಳು, ತಮ್ಮನನ್ನು ನೋಡಿದಳು. ನಿಧಾನವಾಗಿ ಕೈ ಕೆಳಗಿಳಿಸಿ ಮಗಳ ಕೈ ಪಕ್ಕದಲ್ಲಿಟ್ಟಳು.

"ಅಂಗಡಿಗೆ ಹೋಗಿ ರಸೀದಿ ಪುಸ್ತಕ ತಗೊಂಡು ಬಾ ಜುಮಾಶ್. ನೀನು ಬರೋ ತನಕ ಇಲ್ಲಿ ಯಾರೂ ಏಳಲ್ಲ."

ಅಕ್ಕ ನಗುತ್ತಾಳೇನೋ ಎಂದು ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು, ಬಾಗಿಲ ಬಳಿ ತನ್ನ ಬೂಟು ಹುಡುಕತೊಡಗಿದ.