ತಂಗಿಯ ಮಗಳ ಹಗುರದ ಲ್ಯಾಪ್‌ಟಾಪ್

ನನ್ನ ತಂಗಿಯ ಮಗಳು ಕಟ್ಟಡಗಳ ನಕ್ಷೆ ಬರೆಯುವವಳು. ದಿನವಿಡೀ ಲ್ಯಾಪ್‌ಟಾಪ್ ಹೊತ್ತು ತಿರುಗಿ ಅವಳ ಎಡಭುಜ ಹಿಡಿದುಕೊಂಡಿತ್ತು. ಹಳೆಯದು ಕೆಟ್ಟಾಗ ಹೊಸದು ಕೊಳ್ಳಲು ನನ್ನನ್ನೂ ಜೊತೆಗೆ ಕರೆದೊಯ್ದಳು.

ಪಕ್ಕದಲ್ಲೇ ತೆಳ್ಳಗಿನದೊಂದಿದ್ದರೂ ಅವಳು ಮೆಚ್ಚಿದ್ದು ಒಂದು ದಪ್ಪನೆಯದನ್ನು. ಅಂಗಡಿಯವನು ಅದರ ತಳ ಬಿಚ್ಚಿ ತೋರಿಸಿದ.

"ನೋಡಿ, ಇಲ್ಲೊಂದು ಜಾಗ ಖಾಲಿ ಇದೆ. ಕೆಲಸ ಹೆಚ್ಚಾದ್ರೆ ಇನ್ನಷ್ಟು ಮೆಮೊರಿ ಹಾಕಿಸ್ಕೋಬಹುದು. ಆ ತೆಳ್ಳಗಿನದ್ರಲ್ಲಿ ಎಲ್ಲಾ ಬೋರ್ಡಿಗೇ ಬೆಸೆದುಬಿಟ್ಟಿರ್ತಾರೆ, ಆಮೇಲೆ ಸೇರಿಸೋಕಾಗಲ್ಲ."

ನಾನು ದಪ್ಪನೆಯದನ್ನು ಎತ್ತಿ ನೋಡಿದೆ. "ಅಯ್ಯೋ, ಇದೇನು ರುಬ್ಬೋ ಕಲ್ಲಾ? ನಾಳೆ ಕೆಲಸ ನಾಳೆಗಿರಲಿ, ಭುಜ ಇವತ್ತೇ ನೋಯ್ತಿದೆಯಲ್ಲೇ!"

"ಮುಂದಕ್ಕೆ ಬೇಕಾಗುತ್ತೆ ದೊಡ್ಡಮ್ಮ," ಎಂದಳು. ನಾನು ಹಟ ಬಿಡಲಿಲ್ಲ. ನನ್ನ ಮಾತು ಮೀರಲಾರದೆ ತೆಳ್ಳಗಿನದನ್ನೇ ತೆಗೆದುಕೊಂಡಳು.

ಎರಡು ವರ್ಷಕ್ಕೆ ಅವಳ ಕೈಗೆ ಮೂರಂತಸ್ತಿನ ಶಾಲೆಯೊಂದರ ಕೆಲಸ ಬಂತು. ಅಂಥ ಕೆಲಸಕ್ಕಾಗಿ ಅವಳು ಎಷ್ಟೋ ಕಾಲದಿಂದ ಕಾದಿದ್ದಳು. ಅಷ್ಟು ದೊಡ್ಡ ನಕ್ಷೆ ತೆರೆದರೆ ಲ್ಯಾಪ್‌ಟಾಪ್ ಮಿಸುಕಾಡದೆ ನಿಂತುಬಿಡುತ್ತಿತ್ತು. ಅಂಗಡಿಗೆ ಒಯ್ದರೆ ಅವನು ನನ್ನ ಮುಖ ನೋಡಿ, "ಅವತ್ತೇ ಹೇಳಿದ್ನಲ್ಲಮ್ಮ," ಎಂದ. ಬೇರೆಯದನ್ನು ಹೊಂದಿಸುವ ಮೊದಲೇ ಶಾಲೆ ಇನ್ನೊಬ್ಬರ ಪಾಲಾಯಿತು.

ಈಗಲೂ ಅವಳು ಆ ತೆಳ್ಳಗಿನದರಲ್ಲೇ ಬರೆಯುವುದು ಸಣ್ಣ ಮನೆಗಳ, ಕಾರ್ ಶೆಡ್ಡುಗಳ ನಕ್ಷೆ. ನಾನು ಮಾತೆತ್ತಿದರೆ, "ಬಿಡು ದೊಡ್ಡಮ್ಮ, ಭುಜ ವಾಸಿಯಾಯ್ತಲ್ಲ," ಎಂದು ನಗುತ್ತಾಳೆ.

ಮೊನ್ನೆ ಇಬ್ಬರೂ ಆ ಶಾಲೆಯ ಮುಂದೆ ಹಾದುಹೋದೆವು. ಅವಳು ನಿಂತು, "ಮೆಟ್ಟಿಲನ್ನ ನಾನು ಆ ಕಡೆ ಇಟ್ಟಿದ್ದೆ, ಮಕ್ಕಳಿಗೆ ಬೆಳಕು ಬೀಳ್ತಿತ್ತು," ಎಂದಳು. ಅವಳ ಭುಜದಿಂದ ಚೀಲ ಇಸಿದುಕೊಂಡು ನಾನೇ ಹೊತ್ತು ನಡೆದೆ. ಚೀಲವೇನೋ ಹಗುರವಾಗಿಯೇ ಇತ್ತು.