ಬಾಯಿಪಾಠ ಬಿಡಿಸುವ ಶಿವನಂಜಪ್ಪ

ಮಲಯಾಳ ಸೀಮೆಯ ಕಾಟ್ಟಿಕುಳಂ ಪೇಟೆಯ ಹಿಂದಿನ ಮರದಂಗಳದಲ್ಲಿ ಮಂಜು ಇನ್ನೂ ಕರಗಿಲ್ಲ. ಆಳೆತ್ತರದ ಗುಂಡಿಗೆ ಅಡ್ಡಲಾಗಿ ಮಲಗಿಸಿದ ಹಲಸಿನ ದಿಮ್ಮಿಯ ಮೇಲೆ ಶಿವನಂಜಪ್ಪ ನಿಂತಿದ್ದಾರೆ. ಉದ್ದ ಗರಗಸದ ಮೇಲಿನ ಹಿಡಿ ಅವರ ಕೈಯಲ್ಲಿ, ಕೆಳಗಿನದು ಗುಂಡಿಯೊಳಗಿರುವ ಸೋಮನ್ ಕೈಯಲ್ಲಿ. ಗರಗಸ ಏರಿಳಿಯುತ್ತದೆ, ಮರದ ಪುಡಿ ಸೋಮನ್ ತಲೆಯ ಮೇಲೆ ಸುರಿಯುತ್ತದೆ.

"ನನ್ನ ರಾಜನ ಮುಂದಿನ ಕಾಲಾಳು ಎರಡು ಮನೆ ಹೋಯ್ತು. ನಿಂದು?" ಮಣೆಯಿಲ್ಲದೆ ಬಾಯಲ್ಲೇ ಚದುರಂಗ ಆಡುತ್ತಾ ಶಿವನಂಜಪ್ಪ ಮೇಲಿನಿಂದ ಕೇಳುತ್ತಾರೆ.

"ನಂದೂ ಎರಡು ಮನೆ."

"ಎಂತಕ್ಕೆ?"

ಗರಗಸ ನಿಲ್ಲುತ್ತದೆ. ಸೋಮನ್ ರೆಪ್ಪೆಯ ಪುಡಿ ಒರೆಸಿಕೊಂಡು ಯೋಚಿಸುತ್ತಾನೆ. "ಮಣೆಯ ನಡುವಿನ ಮನೆಗಳನ್ನೆಲ್ಲ ನಿಮಗೇ ಬಿಟ್ಟುಕೊಡಬಾರದಲ್ಲ, ಆಶಾನೇ." ಆಶಾನ್ ಎಂದರೆ ಮಲಯಾಳದಲ್ಲಿ ಗುರು.

"ಶರಿ. ಎಳಿ."

ಉತ್ತರ ಸಿಗುವವರೆಗೆ ಮರ ಕುಯ್ಯುವುದಿಲ್ಲ. ಅಂಗಳದ ಯಜಮಾನರಿಗೆ ಇದು ಹಿಡಿಸುವುದಿಲ್ಲ. ಆದರೆ ಇವರಷ್ಟು ನೆಟ್ಟಗೆ ಹಲಗೆ ಸೀಳುವವರು ಸುತ್ತಮುತ್ತ ಇಲ್ಲದ್ದರಿಂದ ಸುಮ್ಮನಿರುತ್ತಾರೆ.

ಹೆಗ್ಗಡದೇವನಕೋಟೆಯ ಕಡೆಯ ಶಿವನಂಜಪ್ಪ ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ಮರದ ಗಾಡಿಗಳ ಹಿಂದೆ ಬಾವಲಿ ಹೊಳೆ ದಾಟಿ ಬಂದವರು. ಚದುರಂಗ ಕಲಿತದ್ದು ಎಸ್ಟೇಟಿನ ಗುಮಾಸ್ತರೊಬ್ಬರಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ತಿರುವಿದಾಂಕೂರಿನ ಕಡೆಯಿಂದ ಜನ ಬಸ್ಸುಗಟ್ಟಲೆ ಬರತೊಡಗಿದರು. ಕಾಡು ಕಡಿದು ಮರಗೆಣಸು ನೆಟ್ಟರು, ಮಲೇರಿಯಾಕ್ಕೆ ಮಕ್ಕಳನ್ನು ಕೊಟ್ಟರು, ಆದರೂ ಮನೆ ಕಟ್ಟಿದರು. ಆ ಮನೆಗಳ ಬಾಗಿಲು, ತೊಲೆ, ಶವಪೆಟ್ಟಿಗೆ ಎಲ್ಲಕ್ಕೂ ಹಲಗೆ ಬೇಕಿತ್ತು. ಗುಂಡಿಗೆ ಆಳು ಸಾಲದೆ ಬಂದಾಗ ಆ ಜನರಲ್ಲಿ ಸಿಕ್ಕಿದವನು ದಿವಾಕರನ್.

ದಿವಾಕರನ್‌ಗೂ ಚದುರಂಗ ಗೊತ್ತಿತ್ತು. ಮೊದಲ ದಿನವೇ ಜಗಳ. "ನನ್ನ ಆನೆ ನೆಟ್ಟಗೆ ನಡೀತದೆ. ಅವನ ಆನೆ ಓರೆ. ಅವರ ಕಡೆ ಮೂಲೇಲಿರೋದು ತೇರಂತೆ!" ಎಂದು ಶಿವನಂಜಪ್ಪ ಈಗಲೂ ನಗುತ್ತಾರೆ. ಕೊನೆಗೆ ಮಲಯಾಳದ ಹೆಸರುಗಳನ್ನೇ ಒಪ್ಪಿಕೊಂಡರು.

ಮಾನಂತವಾಡಿಯ ವಾಚನಾಲಯವೊಂದರಲ್ಲಿ ಪಂದ್ಯ ಇಡುತ್ತಾರೆಂಬ ಸುದ್ದಿ ಬಂದಾಗ ದಿವಾಕರನ್‌ನನ್ನು ತಯಾರು ಮಾಡಲು ಶಿವನಂಜಪ್ಪ ಹಟ ಹಿಡಿದರು. ಆಟದ ಆರಂಭದ ನಡೆಗಳನ್ನೆಲ್ಲ ಗರಗಸದ ಎಳೆತಕ್ಕೆ ಸರಿಯಾಗಿ ಬಾಯಿಪಾಠ ಮಾಡಿಸಿದರು. ಮೇಲೆಳೆದರೆ ಬಿಳಿಯ ನಡೆ, ಕೆಳಗೆಳೆದರೆ ಕರಿಯ ನಡೆ. "ನಡುವೆ ಅವನು ಏನೋ ಕೇಳಾಕೆ ಬಂದ್ರೆ, ಯೋಚ್ನೆ ಮಾಡಬ್ಯಾಡ, ಒಪ್ಸು ಅಂತಿದ್ದೆ. ಮಗ್ಗಿ ಒಪ್ಪಿಸ್ದಂಗೆ ಒಪ್ಪಿಸ್ತಿದ್ದ, ಪಾಪ."

ಪಂದ್ಯದ ದಿನ ಅಂಗಳದವರೆಲ್ಲ ನೋಡಲು ಹೋಗಿದ್ದರು. ದಿವಾಕರನ್‌ನದು ಬಿಳಿ. ಕಾಲಾಳು ಹೋಯಿತು, ಕುದುರೆ ಬಂತು, ಓರೆಯ ಆನೆ ಬಂತು. ಪಾಠದ ಪ್ರಕಾರ ಎದುರಾಳಿಯೂ ಈಗ ಆನೆ ತರಬೇಕಿತ್ತು. ಅವನು ಎರಡನೆಯ ಕುದುರೆ ತಂದು ದಿವಾಕರನ್‌ನ ನಡುಕಾಲಾಳಿನ ಮೇಲೆ ಕಣ್ಣಿಟ್ಟ. ದಿವಾಕರನ್ ಅದನ್ನು ಕಾಯಲಿಲ್ಲ. ಪಾಠದಲ್ಲಿದ್ದಂತೆ ಬೇರೊಂದು ಕಾಲಾಳನ್ನು ಒಂದು ಮನೆ ತಳ್ಳಿದ. ಕುದುರೆ ನಡುಕಾಲಾಳನ್ನು ಪುಕ್ಕಟೆ ತಿಂದಿತು. ಯಾರೋ ನಕ್ಕರು. ದಿವಾಕರನ್ ತಲೆ ಎತ್ತಿ ಶಿವನಂಜಪ್ಪನವರ ಮುಖ ನೋಡಿದ.

"ಹೇಳ್ಕೊಟ್ಟಿದ್ದೂ ತಲೇಲಿ ನಿಲ್ಲಲ್ವಾ ನಿಂಗೆ?" ಎಂದು ಎಲ್ಲರೆದುರು ಗದರಿ ಶಿವನಂಜಪ್ಪ ಹೊರಗೆ ಬಂದುಬಿಟ್ಟರು.

"ಅವನ ತಲೇಲಿ ನಾನು ಹೇಳ್ಕೊಟ್ಟಿದ್ದು ಬಿಟ್ಟು ಬೇರೇನೂ ಇರ್ಲಿಲ್ಲ. ತಪ್ಪು ಅದೇ ಆಗಿತ್ತು," ಎನ್ನುತ್ತಾರೆ ಈಗ.

ಸೋಮವಾರ ದಿವಾಕರನ್ ಗುಂಡಿಗೆ ಇಳಿಯಲಿಲ್ಲ. ಹೆಂಡತಿಯನ್ನು ಕರೆದುಕೊಂಡು ತೋಲ್ಪೆಟ್ಟಿಯ ಕಡೆ ಹೊಸ ಜಾಗಕ್ಕೆ ಹೋದನೆಂದು ತಿಳಿಯಿತು. ಮಳೆಗಾಲ ಕಳೆದ ಮೇಲೆ ಶಿವನಂಜಪ್ಪ ಹುಡುಕಿಕೊಂಡು ಹೋದರು. ದಿವಾಕರನ್ ಮುನಿಸು ತೋರಿಸಲಿಲ್ಲ. ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟ, ಬೇಯಿಸಿದ ಗೆಣಸು ಕೊಟ್ಟ, ಆನೆ ತುಳಿದ ಬಾಳೆ ತೋರಿಸಿದ. ಶಿವನಂಜಪ್ಪ ಹೆಗಲಿನ ಚೀಲದಿಂದ ಮಣೆ ತೆಗೆದಾಗ ಮಾತ್ರ ಕೈ ಅಡ್ಡ ಹಿಡಿದ.

"ಅದು ಮತಿ, ಸಾಕು, ಆಶಾನೇ. ಕಾಯಿ ಮುಟ್ಟಿದರೆ ಆ ನಗೆ ಕೇಳುತ್ತದೆ."

ಮಣೆಯನ್ನು ಮತ್ತೆ ಚೀಲಕ್ಕೆ ತುರುಕಿಕೊಂಡು ಬಂದ ಶಿವನಂಜಪ್ಪ, ಆಮೇಲೆ ಕಲಿಯಲು ಬಂದವರಿಗೆ ನಡೆಗಳ ಸಾಲನ್ನು ಕೊಟ್ಟಿಲ್ಲ. ಹೊಸಬರಿಗೆ ಒಂದೇ ಆರಂಭ, ಅದೂ ನಾಲ್ಕೈದು ನಡೆ ಮಾತ್ರ. ಮಣೆಯ ನಡು ಹಿಡಿಯುವುದು, ಕುದುರೆ ಆನೆಗಳನ್ನು ಹೊರಗೆ ತರುವುದು, ರಾಜನನ್ನು ಮೂಲೆಗೆ ಸೇರಿಸುವುದು. ಪ್ರತಿ ನಡೆಗೂ ಕಾರಣ ಹೇಳಬೇಕು. ಅದು ಬಂತೆಂದಾಗ ಶಿವನಂಜಪ್ಪ ಬೇಕೆಂದೇ ತಪ್ಪು ನಡೆ ಆಡುತ್ತಾರೆ. ಎದುರಿನವನು ನಿಂತು ನೋಡಬೇಕು: ಈ ಕಾಯಿ ಎಂತಕ್ಕೆ ಬಂತು, ಯಾರ ಮೇಲೆ ಕಣ್ಣು? "ಕಾರಣ ಗೊತ್ತಿದ್ರೆ ನಡೆ ತಾನಾಗೇ ನೆಪ್ಪಾಯ್ತದೆ. ಮರ್ತ್ರೂ ಹುಡುಕ್ಕೊಬೋದು. ಬರೀ ನಡೆ ಕಲ್ತೋನು ಮರ್ತಾಗ ಕುಲ್ಡನೇಯ."

ಸೋಮನ್ ಈಗ ಮೂರರಲ್ಲೊಂದು ಆಟ ಗೆಲ್ಲುತ್ತಾನೆ. ಗೆದ್ದಾಗ ಶಿವನಂಜಪ್ಪ ನಗುತ್ತಾರೆ, ಆಮೇಲೆ ತೋಲ್ಪೆಟ್ಟಿಯ ದಾರಿಯತ್ತ ನೋಡುತ್ತಾರೆ. ಆ ಹೊತ್ತು ಯಾರ ನೆನಪೆಂದು ಸೋಮನ್‌ಗೆ ಗೊತ್ತು.

ಈ ವರ್ಷದ ಪಂದ್ಯಕ್ಕೆ ಸೋಮನ್ ಹೆಸರು ಕೊಟ್ಟಿದ್ದಾನೆ. ಗೆಲ್ಲುತ್ತಾನೆಯೇ ಎಂದು ಕೇಳಿದರೆ ಶಿವನಂಜಪ್ಪ ಗರಗಸದ ಹಲ್ಲಿಗೆ ಅರ ಹಾಕುತ್ತಾ ತಲೆಯಾಡಿಸುತ್ತಾರೆ.

"ಗೆಲ್ಲಲಿ, ಸೋಲಲಿ. ಕಡೇ ಕಾಯಿ ಎತ್ತೋಗಂಟ ನಾನು ಅವನ ಮಗ್ಗುಲಲ್ಲೇ ಕೂತಿರ್ತೀನಿ. ದಿವಾಕರ ಅವತ್ತು ಮಾನಂತವಾಡಿಯಿಂದ ಮಳೇಲಿ ಒಬ್ಬನೇ ನಡ್ಕಂಡು ಬಂದ್ನಂತೆ. ಇವನು ಸೋತ್ರೆ ಇಬ್ರೂ ಒಂದೇ ಬಸ್ಸಿಗೆ ಬರಬೇಕು. ನಂಗೆ ಅಷ್ಟು ಸಿಕ್ಕಿದ್ರೆ ಸಾಕು."